'ಇವೆಲ್ಲ ವೇಸ್ಟ್ ಪಾರ್ಟು' ಅಂತ ಗ್ಯಾರೇಜಿನವನು ಅಂದರೆ ಹುಷಾರ್!

ಬಳ್ಳಾರಿಯಲ್ಲಿ ಹಳೇ ಕಾರಿನ ಇಂಜಿನ್ ಬಿಚ್ಚಿಸೋಕೆ ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮದು 1997ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಮಾವ ಚೆನ್ನೈಯಲ್ಲಿ ಕೊಂಡಿದ್ದು. 1995ರಿಂದಲೇ ಚೆನ್ನೈ, ದೆಹಲಿ, ಮುಂಬೈ, ಕೋಲ್ಕತ್ತದಲ್ಲಿ ಹೊಸ ಪೆಟ್ರೋಲ್ ಕಾರಿಗೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಇತ್ತು, ಹಾಗಾಗಿ ಇದಕ್ಕೂ ಕಂಪನಿಯಿಂದಲೇ ಬಂದಿತ್ತು.

ಹೊಗೆ ಜಾಸ್ತಿ ಅಂತ ಬೋರಿಂಗ್ (ಸವೆದ ಸಿಲಿಂಡರ್ ಕೊರೆಸೋದು), ಪಿಸ್ಟನ್, ರಿಂಗ್ ಕೆಲಸಕ್ಕೆ ಬಿಟ್ಟೆ. 'ಈ ಪೊಲ್ಯೂಷನ್ ಸಾಮಾನೆಲ್ಲ ಸುಮ್ನೆ ಅಣ್ಣ, ತೆಗೆದರೆ ಪಿಕಪ್ಪೂ ಬರ್ತದೆ, ಮೈಲೇಜೂ ಬರ್ತದೆ' ಅಂದ ಗ್ಯಾರೇಜಿನವನು. ದಿನಾ ಇದೇ ಕೆಲಸ ಮಾಡುವವನು ಹೇಳಿದರೆ ಯಾರಾದರೂ ನಂಬುತ್ತಾರೆ ಅಲ್ವಾ?

ಗಾಡಿ ತಗೊಂಡು ಹೊಸಪೇಟೆಗೆ ಹೊರಟರೆ ತೋರಣಗಲ್ಲು ಕೂಡ ದಾಟಿರಲಿಲ್ಲ, ಆಯಿಲ್ ಸುಟ್ಟ ವಾಸನೆ. ಬಾನೆಟ್ ಎತ್ತಿದರೆ ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಸುತ್ತ ಆಯಿಲ್ಲೋ ಆಯಿಲ್, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತಾನಾಗೇ ಮೇಲೆದ್ದು ನಿಂತಿದೆ! ಹೊಸ ಕೆಲಸ ಸ್ವಾಮಿ, ಹೊಸದು! ನೋಡಿದರೆ ಇಂಜಿನ್ ಒಳಗಿನ ಗ್ಯಾಸ್ ಎಳೆದುಕೊಳ್ಳುವ ಪಿಸಿವಿ ಪೈಪು, ಬ್ರೀದರ್ ಪೈಪು ಎರಡೂ ಕಿತ್ತು, ಬಾಯಿಗೆ ಬೋಲ್ಟ್ ತುರುಕಿ ಕ್ಲ್ಯಾಂಪ್ ಬಿಗಿದಿದ್ದಾನೆ. ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುವ ಗ್ಯಾಸ್ ಆ ದಾರಿಯಲ್ಲೇ ಮೇಲೆ ಬಂದು ಮತ್ತೆ ಇಂಜಿನ್ನಿನಲ್ಲಿ ಉರಿಯಬೇಕು. ದಾರಿ ಮುಚ್ಚಿದರೆ ಇನ್ನೆಲ್ಲಿ ಹೋಗುತ್ತೆ? ಸೀಲ್ ಒದ್ದುಕೊಂಡೇ ಬರುತ್ತೆ.

ಫೋನ್ ಮಾಡಿದರೆ 'ಹೊಸ ರಿಂಗ್ ಅಣ್ಣ, ಸೆಟ್ ಆಗಬೇಕು, ಓಡಿಸ್ತಾ ಇರಿ.' ಎದುರಿಗೆ ಹೋಗಿ ನಿಂತರೆ 'ಬಳ್ಳಾರಿ ಬಿಸಿಲಿಗೆ ಯಾವ ಗಾಡಿ ಆಯಿಲ್ ಬಿಡಲ್ಲ ಹೇಳಿ?' ಬಿಸಿಲಂತೆ!

ಹಳೇ ಪಾರ್ಟ್ ಕೊಡಪ್ಪ ಅಂದೆ. ಸವೆದ ರಿಂಗು, ಪಿಸ್ಟನ್ ಎಲ್ಲ ಪೇಪರಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದ, ಕೊಟ್ಟ. ಕನ್ವರ್ಟರ್ ಎಲ್ಲಿ? 'ಅದು ಕಸ ಅಣ್ಣ, ಗುಜರಿಯವನು ಒಯ್ದ.' ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತೆ, ಅದಕ್ಕೇ ಹಳೇ ಕನ್ವರ್ಟರ್ ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಸವೆದ ರಿಂಗು ಕಸ ಅಲ್ಲ, ಇದು ಮಾತ್ರ ಕಸ! ಬಿಲ್ ನೋಡಿದ ಮೇಲಂತೂ ಮೈಯೆಲ್ಲ ಉರಿದುಹೋಯಿತು. 'ಪೊಲ್ಯೂಷನ್ ಪಾರ್ಟ್ ತೆಗೆದ ಲೇಬರ್' ಅಂತ ಬೇರೆ ದುಡ್ಡು ಹಾಕಿದ್ದಾನೆ. ನನ್ನ ಸಾಮಾನು ಅವನು ಮಾರಿಕೊಂಡಿದ್ದಕ್ಕೆ ನಾನೇ ಕೂಲಿ ಕೊಟ್ಟಂಗಾಯ್ತು.

ಬೋರ್ ಮಾಡಿಸಿ, ಏನು ಬೇಕಾದರೂ ಮಾಡಿಸಿ, ಆ ಪೈಪುಗಳನ್ನು ಮಾತ್ರ ಮುಟ್ಟೋಕೆ ಬಿಡಬೇಡಿ. ಬಿಚ್ಚುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ, ತೆಗೆದಿದ್ದೆಲ್ಲ ಡಿಕ್ಕಿಗೆ ಹಾಕಿಸಿಕೊಳ್ಳಿ. 'ಅಣ್ಣ ಅಣ್ಣ' ಅಂತ ಜಾಸ್ತಿ ಕರೆಯುವವನ ಹತ್ತಿರ ಇನ್ನೂ ಹುಷಾರು.

ಬೋಲ್ಟ್ ತೆಗೆಸಿ ಬೇರೆ ಕಡೆ ಪೈಪ್ ಹಾಕಿಸಿದೆ, ಡಿಪ್‌ಸ್ಟಿಕ್ ಈಗ ಕೂತಲ್ಲೇ ಕೂತಿದೆ. ಆದರೆ ಇಂಜಿನ್ ಹಿಂಬದಿಯಲ್ಲಿ ಆಯಿಲ್ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿದೆ, ಅದಕ್ಕೆ ಗೇರ್‌ಬಾಕ್ಸೇ ಇಳಿಸಬೇಕು. ಆ ಖರ್ಚು ಕೊಡು ಅಂದಾಗಿನಿಂದ ಪುಣ್ಯಾತ್ಮ ಫೋನೇ ಎತ್ತುತ್ತಿಲ್ಲ.