ಏಳು ವರ್ಷದ ಬಿ450 ಮದರ್‌ಬೋರ್ಡ್: ಎರಡು ವರ್ಷ ಅದರ ಕೈ ಕಟ್ಟಿದ್ದು ನಾನೇ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಶ್ರದ್ಧಾಂಜಲಿ ಜಾಹೀರಾತು. ಮದುವೆಯ ತಿಂಗಳುಗಳಲ್ಲಿ ಆಲ್ಬಮ್ ಮತ್ತು ವಿಡಿಯೋ ಎಡಿಟಿಂಗ್. 2019ರ ಜನವರಿಯಿಂದ ಇದೆಲ್ಲವನ್ನೂ ಹೊತ್ತಿರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ಬಂದ ಒಂದೇ ಕಂಪ್ಯೂಟರ್. ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿಯ ಬಿ450 ಚಿಪ್‌ಸೆಟ್ ಇರುವ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ), ರೈಝೆನ್ 5 2600 ಪ್ರೊಸೆಸರ್, 8 ಜಿಬಿ ಮೆಮೊರಿಯ ಒಂದು ಡಿಡಿಆರ್4 ರ‍್ಯಾಮ್ ಸ್ಟಿಕ್. ಬೋರ್ಡ್ ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ. ಹಳೆಯ ಬಿ450 ಬೋರ್ಡುಗಳು ಇಂದಿಗೂ ಕೈ ಬದಲಾಗುತ್ತಿವೆ. ಅಂಥದ್ದನ್ನು ಕೊಳ್ಳುವವರಿಗೆ, ಈಗಾಗಲೇ ಇಟ್ಟುಕೊಂಡು ಬೈದುಕೊಳ್ಳುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಬೋರ್ಡ್ ಗಟ್ಟಿ. ನಾನು ಅದರ ಮೇಲೆ ಹೊರಿಸಿದ ದೂರುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಪೆಟ್ಟಿಗೆಯ ಮೇಲಿನ ಪದಗಳನ್ನು ತಪ್ಪಾಗಿ ಓದಿಕೊಂಡದ್ದರ ಫಲ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ಫೋಟೋಶಾಪ್ ಏದುಸಿರು ಬಿಡತೊಡಗಿತು. ಇನ್ನೊಂದು 8 ಜಿಬಿ ಸ್ಟಿಕ್ ತಂದೆ. ಅದೇ ಕಂಪನಿ, ಅದೇ ಬಣ್ಣ, ಪೆಟ್ಟಿಗೆಯ ಮೇಲೆ ಅದೇ ‘3200’. ಬೋರ್ಡಿನಲ್ಲಿ ನಾಲ್ಕು ಸ್ಲಾಟುಗಳು, ನಾಲ್ಕೂ ಕಪ್ಪು. ಅಂಗಡಿಯ ಹುಡುಗ ಮೊದಲ ಸ್ಟಿಕ್ಕನ್ನು ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ ಹಾಕಿದ್ದ. ಒಂದನೆಯದು ಖಾಲಿ ಇರುವಾಗ ಎರಡನೆಯದಕ್ಕೆ ಏಕೆ ಹಾಕಿದ ಎಂದು ನನಗೆ ಹೊಳೆಯಲಿಲ್ಲ. ಜೋಡೆತ್ತು ಕಟ್ಟುವಂತೆ ಹೊಸದನ್ನು ಅದರ ಪಕ್ಕದಲ್ಲೇ, ಒಂದನೆಯ ಸ್ಲಾಟಿನಲ್ಲಿ, ಒತ್ತಿ ಕೂರಿಸಿದೆ. ಟಕ್ ಎಂದು ಕೊಂಡಿ ಬಿತ್ತು. ವಿಂಡೋಸ್ 16 ಜಿಬಿ ತೋರಿಸಿತು. ಮುಚ್ಚಳ ಹಾಕಿದೆ.

2021ರ ಲಾಕ್‌ಡೌನಿನಲ್ಲಿ ಮದುವೆಗಳೂ ಇಲ್ಲ, ಪತ್ರಿಕೆಗಳೂ ಇಲ್ಲ. ಧೂಳು ಹೊಡೆಯಲು ಬಣ್ಣದ ಬ್ರಷ್ ಹಿಡಿದು ಕೂತಾಗ ಪೆಟ್ಟಿಗೆಯ ತಳದಲ್ಲಿದ್ದ ಕೈಪಿಡಿ ಸಿಕ್ಕಿತು. ಸ್ಲಾಟುಗಳ ಚಿತ್ರದಲ್ಲಿ ಪ್ರೊಸೆಸರಿನ ಕಡೆಯಿಂದ ಎ1, ಎ2, ಬಿ1, ಬಿ2 ಎಂದು ಹೆಸರು. ಎರಡು ಸ್ಟಿಕ್ ಇದ್ದರೆ ಎ2 ಮತ್ತು ಬಿ2. ನನ್ನವು ಎ1 ಮತ್ತು ಎ2.

ಸ್ಲಾಟು ನಾಲ್ಕಿದ್ದರೂ ಪ್ರೊಸೆಸರಿಗೆ ಮೆಮೊರಿಯತ್ತ ಇರುವ ದಾರಿಗಳು ಎರಡೇ. ಅವೇ ಚಾನೆಲ್‌ಗಳು, ಒಂದೊಂದೂ 64 ಬಿಟ್ ಅಗಲ. ಎ ಹೆಸರಿನ ಎರಡು ಸ್ಲಾಟು ಒಂದು ದಾರಿಗೆ, ಬಿ ಹೆಸರಿನವು ಇನ್ನೊಂದಕ್ಕೆ. ನಾನು ಎರಡನ್ನೂ ಒಂದೇ ದಾರಿಗೆ ಕಟ್ಟಿದ್ದೆ. ಕಣಜ ದೊಡ್ಡದಾಗಿತ್ತು, ಬಾಗಿಲು ಮಾತ್ರ ಒಂದೇ ಉಳಿದಿತ್ತು. ಹತ್ತಿರದ ಸ್ಲಾಟು ಬಿಟ್ಟು ದೂರದ್ದನ್ನು ಮೊದಲು ತುಂಬಿಸುವುದಕ್ಕೂ ಕಾರಣವಿದೆ. ಇಂಥ ಬೋರ್ಡುಗಳಲ್ಲಿ ತಾಮ್ರದ ಗೆರೆಗಳು ಮೊದಲ ಸ್ಲಾಟನ್ನು ಹಾದು ಎರಡನೆಯದಕ್ಕೆ ಹೋಗುತ್ತವೆ. ತುದಿಯ ಸ್ಲಾಟು ಖಾಲಿ ಇದ್ದರೆ ಸಂಕೇತ ಅಲ್ಲಿಗೆ ಬಡಿದು ಮರಳಿ ಬಂದು ಗಲಿಬಿಲಿ ಮಾಡುತ್ತದೆ. ಅಂಗಡಿಯ ಹುಡುಗ ತಿಳಿದೇ ಹಾಕಿದ್ದ.

ಅಂದೇ ಸಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆ. ಚಾನೆಲ್: ಸಿಂಗಲ್. ಅದರ ಕೆಳಗೆ ಇನ್ನೊಂದು ಆಘಾತ, ವೇಗ 1066. ಪೆಟ್ಟಿಗೆಯ ಮೇಲೆ 3200 ಇದ್ದದ್ದು ಇಲ್ಲಿ ಮೂರನೇ ಒಂದು ಪಾಲು! ಮೋಸ ಹೋದೆ ಎಂದುಕೊಂಡು ಅಂಗಡಿಗೆ ಫೋನ್ ಮಾಡಲು ಹೊರಟವನು ಪುಣ್ಯಕ್ಕೆ ಇನ್ನೊಂದಿಷ್ಟು ಓದಿದೆ.

ಡಿಡಿಆರ್ ಎಂಬ ಹೆಸರಿನಲ್ಲೇ ‘ಡಬಲ್’ ಇದೆ. ಗಡಿಯಾರದ ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ದಾಟುತ್ತದೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಹಾಗಾಗಿ 1066 ಎಂದರೆ ಲೆಕ್ಕದಲ್ಲಿ 2133. ಪೆಟ್ಟಿಗೆಯ 3200 ಕೂಡ ಮೆಗಾಹರ್ಟ್ಝ್ ಅಲ್ಲ, ಸೆಕೆಂಡಿಗೆ 3200 ದಶಲಕ್ಷ ವರ್ಗಾವಣೆ. ಅದರ ನಿಜವಾದ ಗಡಿಯಾರ 1600. ಅಂಗಡಿಗಳಲ್ಲಿ ಎಲ್ಲರೂ ಮೆಗಾಹರ್ಟ್ಝ್ ಎಂದೇ ಹೇಳುತ್ತಾರೆ, ನಾನೂ ಹೇಳುತ್ತೇನೆ, ತಿದ್ದಲು ಹೋದರೆ ಬೋಣಿ ಆಗುವುದಿಲ್ಲ. ವಿಂಡೋಸ್ 11ರ ಹೊಸ ಆವೃತ್ತಿಯ ಟಾಸ್ಕ್ ಮ್ಯಾನೇಜರ್ ಮಾತ್ರ ಈಗ ಸರಿಯಾದ ಮಾನದಲ್ಲಿ ತೋರಿಸುತ್ತಿದೆ.

ಸರಿ, ಆದರೂ 2133 ಏಕೆ? ಪ್ರತಿ ಸ್ಟಿಕ್ಕಿನ ಮೇಲೂ ಎಸ್‌ಪಿಡಿ ಎಂಬ ಸಾಸಿವೆಯಷ್ಟು ಚಿಪ್ ಇರುತ್ತದೆ. ಅದು ಸ್ಟಿಕ್ಕಿನ ಜಾತಕ. ಅದರಲ್ಲಿ ಮೊದಲು ಬರೆದಿರುವುದು ಎಲ್ಲ ಬೋರ್ಡುಗಳಲ್ಲೂ ನಡೆಯುವ ಸಾಮಾನ್ಯ ವೇಗ, ಜೆಡೆಕ್ ಸಂಸ್ಥೆಯ ಮಾನದಂಡದಂತೆ. ನನ್ನ ಸ್ಟಿಕ್ಕಿಗೆ ಅದು 1.2 ವೋಲ್ಟಿನಲ್ಲಿ 2133. ಪೆಟ್ಟಿಗೆಯ 3200 ಇರುವುದು ಎಕ್ಸ್‌ಎಂಪಿ ಎಂಬ ಬೇರೆ ಪುಟದಲ್ಲಿ, 1.35 ವೋಲ್ಟಿಗೆ. ನೀವಾಗಿ ಬಯೋಸಿಗೆ, ಅಂದರೆ ವಿಂಡೋಸಿಗೂ ಮೊದಲು ಏಳುವ ಬೋರ್ಡಿನದೇ ತಂತ್ರಾಂಶಕ್ಕೆ, ಹೋಗಿ ‘ಆ ಪುಟ ಓದು’ ಎಂದು ಹೇಳುವವರೆಗೆ ಬೋರ್ಡ್ ಅದನ್ನು ಮುಟ್ಟುವುದಿಲ್ಲ. ಎಕ್ಸ್‌ಎಂಪಿ ಇಂಟೆಲ್ ಇಟ್ಟ ಹೆಸರು. ಎಎಂಡಿ ಬೋರ್ಡುಗಳಲ್ಲಿ ಕೆಲವು ತಯಾರಕರು ಡಿಒಸಿಪಿ ಎಂದೂ ಕೆಲವರು ಎ-ಎಕ್ಸ್‌ಎಂಪಿ ಎಂದೂ ಕರೆದಿದ್ದಾರೆ. ಹೆಸರು ಗೊತ್ತಿಲ್ಲದೆ ಹುಡುಕಿದರೆ ಸಿಗುವುದಿಲ್ಲ, ಅಷ್ಟೇ.

ಇನ್ನೊಂದು ಗೊಂದಲ ಸಿಎಲ್ ಸಂಖ್ಯೆಯದು. ಕೇಳಿದ ದತ್ತಾಂಶ ಕೈಗೆ ಬರಲು ಎಷ್ಟು ಮಿಡಿತ ಕಾಯಬೇಕು ಎಂಬ ಲೆಕ್ಕ ಅದು. 2133ರಲ್ಲಿ ನನ್ನ ಸ್ಟಿಕ್ಕಿನದು 15, 3200ರಲ್ಲಿ 16. ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಕೇಳಿದ್ದ ನಾನು 15 ಮೇಲು ಎಂದುಕೊಂಡಿದ್ದೆ. ಮಿಡಿತವೇ ಚುರುಕಾದಾಗ ಎಣಿಕೆಗೆ ಅರ್ಥವಿಲ್ಲ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ: ಮೊದಲನೆಯದಕ್ಕೆ ಸುಮಾರು 14 ನ್ಯಾನೋಸೆಕೆಂಡ್, ಎರಡನೆಯದಕ್ಕೆ ಸರಿಯಾಗಿ 10.

ಎ1ರ ಸ್ಟಿಕ್ ಎತ್ತಿ ಬಿ2ಕ್ಕೆ ಹಾಕಿ, ಎಕ್ಸ್‌ಎಂಪಿ ಒತ್ತಿದೆ. ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಮೂರು ಸಲ ಹೀಗಾಗಿ ಬೋರ್ಡ್ ತಾನೇ 2133ಕ್ಕೆ ಇಳಿದು ಎದ್ದು ಕೂತಿತು. ಬೋರ್ಡನ್ನು ಆ ದಿನ ಬೈದಷ್ಟು ಇನ್ನೆಂದೂ ಬೈದಿಲ್ಲ.

ಅದೂ ತಪ್ಪೇ. ಮೆಮೊರಿಯ ವೇಗವನ್ನು ಆಳುವ ಮೆಮೊರಿ ನಿಯಂತ್ರಕ ಮದರ್‌ಬೋರ್ಡಿನ ಮೇಲೆ, ನಾರ್ತ್‌ಬ್ರಿಡ್ಜ್ ಎಂಬ ಚಿಪ್ಪಿನಲ್ಲಿದ್ದ ಕಾಲವೊಂದಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಪ್ರೊಸೆಸರಿನೊಳಕ್ಕೆ ಒಯ್ದವು. ರೈಝೆನ್ 2600ಕ್ಕೆ ಎಎಂಡಿ ಹೇಳಿರುವ ಗರಿಷ್ಠ ಮೆಮೊರಿ ವೇಗವೇ 2933. ನನ್ನ ಬೋರ್ಡಿನ ಪೆಟ್ಟಿಗೆಯ ಮೇಲೆ 3200ಕ್ಕಿಂತಲೂ ದೊಡ್ಡ ಸಂಖ್ಯೆ ಇತ್ತು, ನಿಜ. ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ ‘ಓಸಿ’ ಎಂದೂ ಇತ್ತು. ಓವರ್‌ಕ್ಲಾಕ್, ಅಂದರೆ ಆದರೆ ಆಯಿತು, ಆಗದಿದ್ದರೆ ನಮ್ಮನ್ನು ಕೇಳಬೇಡಿ. ಜೊತೆಗೆ ನನ್ನ ಎರಡು ಸ್ಟಿಕ್‌ಗಳ ಲೇಬಲ್ಲಿನಲ್ಲಿ ಆವೃತ್ತಿ ಸಂಖ್ಯೆ ಬೇರೆ ಬೇರೆ. ಪೆಟ್ಟಿಗೆ ಒಂದೇ ಆದರೂ ಒಳಗಿನ ಚಿಪ್‌ಗಳು ಕಾಲಕಾಲಕ್ಕೆ ಬದಲಾಗುತ್ತವೆ. ಜೋಡಿಯಾಗಿ ಮಾರುವ ಕಿಟ್ ಕೊಳ್ಳಿ ಎಂದು ಹೇಳುವುದು ಇದಕ್ಕೇ. ಕೈಯಿಂದ 2933 ಎಂದು ಕೂರಿಸಿದೆ. ಎದ್ದಿತು, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದರೂ ಒಂದು ದೋಷವಿಲ್ಲ.

ಕಾಗದದ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 17 ಜಿಬಿ ಇದ್ದದ್ದು 47 ಜಿಬಿ ಆಯಿತು. ಕೆಲಸದಲ್ಲಿ? ಲಗ್ನಪತ್ರಿಕೆಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮದುವೆ ವಿಡಿಯೋ ಹೊರತೆಗೆಯುವಾಗ ಕೆಲವು ನಿಮಿಷ ಉಳಿಯುತ್ತದೆ, ಟೈಮ್‌ಲೈನ್ ಎಳೆದಾಡುವಾಗ ತೊದಲುವುದು ನಿಂತಿತು. ಮೂರು ಪಟ್ಟು ವೇಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಮಾತ್ರ ಲಾಭ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಅದಕ್ಕೆ ಬೇರೆ ಮೆಮೊರಿಯೇ ಇರುವುದಿಲ್ಲ.

ಈ ಬೋರ್ಡನ್ನು ನಾನು ಮೆಚ್ಚಲು ದೊಡ್ಡ ಕಾರಣ ಪ್ರೊಸೆಸರ್ ಕೂರುವ ಗೂಡು, ಎಎಂ4 ಸಾಕೆಟ್. 2018ರ ಬೋರ್ಡಿಗೆ 2022ರಲ್ಲಿ ಬಂದ ರೈಝೆನ್ 5 5600 ಕೂರಿಸಿದೆ. 2020ರ ಮೇ ತಿಂಗಳಲ್ಲಿ ಎಎಂಡಿ ಹೊಸ ಪೀಳಿಗೆಯ ಪ್ರೊಸೆಸರುಗಳಿಗೆ ಬಿ450 ನಡೆಯುವುದಿಲ್ಲ ಎಂದಿತ್ತು; ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಅದೇ ತಿಂಗಳು ಮಾತು ಬದಲಿಸಿತು. ಕ್ರಮ ಮಾತ್ರ ತಪ್ಪಬಾರದು: ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ನವೀಕರಿಸಿ, ಆಮೇಲೆ ಹೊಸದನ್ನು ಹಾಕಬೇಕು. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡ್ ಇಟ್ಟಿಗೆ. ಯುಪಿಎಸ್ ಇದ್ದರೂ ಆ ಐದು ನಿಮಿಷ ನಾನು ಕುರ್ಚಿಯಿಂದ ಏಳಲಿಲ್ಲ.

ಅವಘಡವಾದದ್ದು ಅದರ ನಂತರ. ತಣ್ಣಗಿದ್ದ ಯಂತ್ರದಲ್ಲಿ ಪ್ರೊಸೆಸರಿನ ಮೇಲೆ ಕೂತು ಅದನ್ನು ತಣಿಸುವ ಕೂಲರನ್ನು ನೇರವಾಗಿ ಮೇಲೆಳೆದೆ. ಎರಡರ ನಡುವೆ ಶಾಖ ದಾಟಿಸಲು ಹಚ್ಚಿದ್ದ ನಾಲ್ಕು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿತ್ತು. ಲಾಕ್ ಹಾಕಿದ್ದ ಸಾಕೆಟ್ಟಿನಿಂದಲೇ ಪ್ರೊಸೆಸರ್ ಕಿತ್ತು ಬಂದು ಕೂಲರಿನ ಅಡಿಯಲ್ಲಿ ನೇತಾಡುತ್ತಿತ್ತು. ಎಎಂ4ರಲ್ಲಿ 1331 ಪಿನ್‌ಗಳು ಪ್ರೊಸೆಸರಿನ ಹೊಟ್ಟೆಗೇ ಇರುತ್ತವೆ. ಮೂಲೆಯ ಎರಡು ಬಾಗಿದ್ದವು. ಸೀಸ ತೆಗೆದ ಕ್ಲಚ್ ಪೆನ್ಸಿಲಿನ ಟೊಳ್ಳು ಮೂತಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನಿಲ್ಲಿಸಿದೆ. ಹತ್ತು ನಿಮಿಷ ಯಂತ್ರ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ತೆಗೆದಿದ್ದರೆ ಈ ಪಾಡು ಬರುತ್ತಿರಲಿಲ್ಲ. ಆ 2600 ಈಗ ನನ್ನ ತಮ್ಮನ ಯಂತ್ರದಲ್ಲಿ ಬದುಕಿದೆ. ಹೊಸ ಪ್ರೊಸೆಸರಿಗೆ 3200 ಅಧಿಕೃತ ವೇಗ. ಅದೇ ಬೋರ್ಡ್, ಅದೇ ಹೊಂದದ ಸ್ಟಿಕ್‌ಗಳು, ಮೊದಲ ಯತ್ನಕ್ಕೇ ಎದ್ದವು.

ಇನ್ನು ಉಳಿದ ಆ ಒಂದು ದೂರು. ಬೋರ್ಡಿನ ಎರಡನೆಯ ಎಂ.2 ಜಾಗಕ್ಕೆ (ಎಸ್‌ಎಸ್‌ಡಿ ಕೇಬಲ್ ಇಲ್ಲದೆ ನೇರವಾಗಿ ಕೂರುವ ಸ್ಲಾಟು) ಎಸ್‌ಎಸ್‌ಡಿ ಹಾಕಿದ ದಿನ, ಗಿರಾಕಿಗಳ ಹಳೆಯ ಫೈಲುಗಳಿದ್ದ ಹಾರ್ಡ್ ಡಿಸ್ಕ್ ಮಾಯ. ಎದೆ ಝಲ್ಲೆಂದಿತು. ಆ ಜಾಗ ತುಂಬಿದರೆ ಹಾರ್ಡ್ ಡಿಸ್ಕಿನ ಕೇಬಲ್ ಸೇರುವ ಎರಡು ಸಾಟಾ ಪೋರ್ಟುಗಳು ಸತ್ತಂತೆ ಎಂದು ಕೈಪಿಡಿಯಲ್ಲಿ ಅಡಿಟಿಪ್ಪಣಿ ಇದೆ. ಪೆಟ್ಟಿಗೆಯ ಮೇಲೆ ಮಾತ್ರ ಎರಡು ಎಂ.2, ಆರು ಸಾಟಾ ಎಂದು ಎರಡೂ ಒಟ್ಟಿಗೇ ಸಿಗುವಂತೆ ಮೆರೆದಿದ್ದಾರೆ. ಇದು ಓದಿನ ದೋಷವಲ್ಲ, ಬರೆದವರ ಜಾಣತನ. ಕೇಬಲ್ ಬೇರೆ ಪೋರ್ಟಿಗೆ ಬದಲಿಸಿದೆ, ಡಿಸ್ಕ್ ಬಂತು.

ಮಿಕ್ಕಂತೆ ಆಡಿಯೋ ಸಾಧಾರಣ, ನೆಟ್‌ವರ್ಕ್ ತಂಟೆಯಿಲ್ಲ, ದೀಪಗಳನ್ನು ಮೊದಲ ದಿನವೇ ಆರಿಸಿದೆ.

ಈಗ ಕೊಳ್ಳಬಹುದೇ? ಕೈಯಲ್ಲಿ ಡಿಡಿಆರ್4 ಸ್ಟಿಕ್‌ಗಳಿದ್ದರೆ ಧಾರಾಳವಾಗಿ. ಹೊಸ ಎಎಂ5 ಸಾಕೆಟ್ ಡಿಡಿಆರ್5 ಮಾತ್ರ ಒಪ್ಪುತ್ತದೆ. ಎರಡಕ್ಕೂ 288 ಪಿನ್ನೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದಿಲ್ಲ, ಒತ್ತಿ ನೋಡಬೇಡಿ. 2025ರ ಕೊನೆಯಲ್ಲಿ ಮೆಮೊರಿ ಬೆಲೆ ಏರಿದ ಪರಿ ನೋಡಿದ ಮೇಲೆ ನನ್ನ ಹಳೆಯ 16 ಜಿಬಿಯನ್ನು ಬ್ರಷ್‌ನಿಂದ ಒರೆಸುವಾಗಲೂ ಕೈ ಮೆಲ್ಲಗಾಗಿದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬ್ರೌಸರ್ ಎಲ್ಲ ತಾಣಗಳನ್ನೂ ಅಸುರಕ್ಷಿತ ಎನ್ನತೊಡಗಿತು. ನೋಡಿದರೆ ಯಂತ್ರದ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಆಫ್ ಮಾಡುವ ಅಭ್ಯಾಸ ನನ್ನದು; ಅಷ್ಟು ಹೊತ್ತೂ ಬೋರ್ಡಿನ ಗಡಿಯಾರ ಓಡಿಸುವುದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ಎದುರಿನ ವಾಚ್ ರಿಪೇರಿಯವರ ಬಳಿ ಹೊಸದು ತಂದು ಹಾಕಿ, ತಾರೀಖು ಸರಿಮಾಡಿದೆ. ಬ್ಯಾಟರಿಯೊಂದಿಗೆ ಎಕ್ಸ್‌ಎಂಪಿಯೂ ಅಳಿಸಿ ಮೆಮೊರಿ ಸದ್ದಿಲ್ಲದೆ 2133ಕ್ಕೆ ಇಳಿದಿತ್ತು. ಅದನ್ನೂ ಕೂರಿಸಿ, ಸಿಪಿಯು-ಝೆಡ್‌ನಲ್ಲಿ ‘ಡ್ಯುಯಲ್, 1600’ ಎಂದು ಓದಿಕೊಂಡ ಮೇಲೆಯೇ ಈ ಸಲ ಮುಚ್ಚಳ ಹಾಕಿದೆ.