ರೈಲ್ಸ್ ಟ್ಯೂಬ್ ವಿಡಿಯೋ ಮಾಡಿಸುವ ಮುಂಚೆ ಇದನ್ನು ಓದಿ

ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಪ್ರೊಸೀಜರ್ ವಿಡಿಯೋ ಮಾಡಿಸುವವರೇ, ಶೂಟಿಂಗಿಗೆ ದಿನ ಗೊತ್ತು ಮಾಡುವ ಮುಂಚೆ ಇದನ್ನು ಓದಿ. ರಾಯಚೂರಿನ ಒಂದು ಸ್ಕಿಲ್ ಲ್ಯಾಬಿನಲ್ಲಿ ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮೇಲೆ ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸಿ ದ್ರವ ಆಹಾರ ಕೊಡುವ ಕೊಳವೆ, ಹಾಕುವುದನ್ನು ಚಿತ್ರೀಕರಿಸಿದೆವು. ಮದುವೆ ವಿಡಿಯೋ ಮಾಡುವವರು ಹನ್ನೊಂದು ನಿಮಿಷವನ್ನು ನಾಲ್ಕಕ್ಕೆ ಇಳಿಸಿ ಕೊಟ್ಟರು. ಅವರ ತಪ್ಪಲ್ಲ. ಯಾವ ಜಾಗಕ್ಕೆ ಕತ್ತರಿ ಬೀಳಬಾರದು ಎಂದು ನಾವೇ ಬರೆದು ಕೊಟ್ಟಿರಲಿಲ್ಲ.

ಕತ್ತರಿ ಬಿದ್ದದ್ದು ಅಳತೆಗೆ. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಟ್ಯೂಬ್ ಹಿಡಿದು ಗುರುತು ಹಾಕಬೇಕು. ವಿಡಿಯೋದಲ್ಲಿ ಅದು ಮೂರೇ ಸೆಕೆಂಡು; ಕಿವಿಯ ಹತ್ತಿರ ಕೈ ನಿಂತದ್ದೇ ಕಾಣುವುದಿಲ್ಲ. ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಕಂಡದ್ದನ್ನೇ ಮಾಡಿದರು, ಮೂಗಿನಿಂದ ನೇರ ಎದೆಗೆ ಅಳೆದರು. ಹೀಗೆ ಅಳತೆ ಕಡಿಮೆಯಾದರೆ ಟ್ಯೂಬಿನ ತುದಿ ಅನ್ನನಾಳದಲ್ಲೇ ಉಳಿದು, ಕೊಟ್ಟ ಫೀಡ್ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅಳತೆಯ ಶಾಟ್ ಒಂದೇ ಟೇಕ್ ಇರಲಿ, ಮೂರೂ ಜಾಗದಲ್ಲಿ ಬೆರಳು ಎರಡೆರಡು ಸೆಕೆಂಡು ನಿಲ್ಲಲಿ. ಕ್ಯಾಮೆರಾ ಎದುರಿಗೆ ಬೇಡ, ಮಾಡುವವರ ಹೆಗಲ ಹಿಂದಿನಿಂದ ಇಡಿ. ಇಲ್ಲದಿದ್ದರೆ ನೋಡುವವರಿಗೆ ಎಡಬಲ ಅದಲುಬದಲಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಧ್ವನಿಯದು. ಏಪ್ರಿಲ್ ತಿಂಗಳು, ರಾಯಚೂರಿನ ಬಿಸಿಲು. ಫ್ಯಾನ್ ಆರಿಸಲು ಯಾರಿಗೂ ಮನಸ್ಸಾಗಲಿಲ್ಲ. ರೆಕಾರ್ಡಿಂಗ್ ತುಂಬ ಬರೀ ಗಾಳಿಯ ಸದ್ದು. ಆಮೇಲೆ ಹಳೆಯ ನೋಟ್ಸ್ ಓದಿ ಧ್ವನಿ ಕೂರಿಸಿದೆವು. ಅದರಲ್ಲಿ 'ಸಿರಿಂಜಿನಿಂದ ಗಾಳಿ ಹಾಕಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿ, ಟ್ಯೂಬ್ ಸರಿಯಾಗಿದೆ' ಎಂದಿತ್ತು. ಟ್ಯೂಬ್ ಶ್ವಾಸನಾಳದಲ್ಲಿದ್ದರೂ ಅಂಥದೇ ಸದ್ದು ಕೇಳಿಸಬಹುದು. ಬ್ರಿಟನ್ 2005ರಲ್ಲೇ ಈ ಪರೀಕ್ಷೆಯನ್ನು ನಂಬಬೇಡಿ ಎಂದು ಎಚ್ಚರಿಸಿದೆ. ಟ್ಯೂಬಿನಿಂದ ಒಳಗಿನ ದ್ರವ ಎಳೆದು, ಆಮ್ಲ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಬೇಕು, 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಬರದಿದ್ದರೆ, ಅನುಮಾನವಿದ್ದರೆ, ಎಕ್ಸ್‌ರೇ. ಅಲ್ಲಿಯ ತನಕ ಹನಿ ನೀರೂ ಬಿಡಬಾರದು. ಆಮ್ಲ ತಗ್ಗಿಸುವ ಮಾತ್ರೆ ತಗೊಳ್ಳುವವರಲ್ಲಿ ಟ್ಯೂಬ್ ಸರಿಯಾಗಿದ್ದರೂ ಪಿಎಚ್ ಹೆಚ್ಚು ಬರಬಹುದು. ಇದನ್ನೂ ವಿಡಿಯೋದಲ್ಲಿ ಹೇಳಬೇಕು.

ಪಿಎಚ್ ಪಟ್ಟಿಯ ಶಾಟ್‌ನಲ್ಲೂ ಮೋಸ ಹೋದೆವು. ಮ್ಯಾನಿಕಿನ್ ಹೊಟ್ಟೆಗೆ ನೀರು ಬೆರೆಸಿದ ನಿಂಬೆರಸ ಹಾಕಿದ್ದೆವು. ಪಟ್ಟಿ ಆಮ್ಲದ ಬಣ್ಣಕ್ಕೇ ತಿರುಗಿತು, ಆದರೆ ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಹಳದಿ ದೀಪಕ್ಕೆ ಹೊಂದಿಕೊಳ್ಳಲು ಹೋಗಿ ತೆರೆಯ ಮೇಲೆ ಬೇರೆಯೇ ಬಣ್ಣ ತೋರಿಸಿತು. ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದ ತೋರಿಸಿ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಪಟ್ಟಿ ಮತ್ತು ಡಬ್ಬಿಯ ಬಣ್ಣದ ಚಾರ್ಟ್ ಒಂದೇ ಫ್ರೇಮಿನಲ್ಲಿರಲಿ, ಬಂದ ಅಂಕಿಯನ್ನು ಬಾಯಿಬಿಟ್ಟು ಓದಿ.

ಬೆಳಿಗ್ಗೆ ಏಳಕ್ಕೇ ಶೂಟಿಂಗ್ ಶುರುಮಾಡಿ, ಫ್ಯಾನ್ ಆರಿಸಬಹುದು. ಬಿಳಿ ಗ್ಲೌಸ್ ಬಿಳಿ ಹಾಸಿಗೆಯ ಮೇಲೆ ಕಾಣುವುದಿಲ್ಲ, ಹಸಿರು ಬಟ್ಟೆ ಹಾಸಿ. ಎಡಿಟ್ ಆದ ಮೇಲೆ ಕಲಿಸುವವರಿಬ್ಬರು ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ಪೂರ್ತಿ ನೋಡದೆ ಯಾರಿಗೂ ಕಳಿಸಬೇಡಿ.

ಪ್ರತಿ ಫ್ರೇಮಿನ ಮೂಲೆಯಲ್ಲಿ ತಾರೀಖು ಹಾಕಿ. ನಾವು ಹಾಕಿರಲಿಲ್ಲ. ತಿದ್ದಿದ ವಿಡಿಯೋ ಬಂದಿದ್ದರೂ ಹಳೆಯದು ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ನಾಲ್ಕು ನಿಮಿಷದ್ದು, ಗಾಳಿ ಹಾಕಿ ಸದ್ದು ಕೇಳಿ ಎನ್ನುವಂಥದ್ದು ನಿಮಗೆ ಸಿಕ್ಕರೆ ದಯವಿಟ್ಟು ಅಳಿಸಿ, ಕಳಿಸಿದವರಿಗೂ ಹೇಳಿ.