ರಿವೆಟ್ ಕೀಬೋರ್ಡ್ ಕಿತ್ತು ಗೋಂದು ಹಚ್ಚುವ ರಿಪೇರಿಗೆ ಒಪ್ಪಬೇಡಿ

ಆರು ವರ್ಷ ಹಳೆಯ 15.6 ಇಂಚಿನ ಲ್ಯಾಪ್‌ಟಾಪ್. ಪ್ರೊಸೆಸರ್ ಚೆನ್ನಾಗಿತ್ತು, ಎಸ್‌ಎಸ್‌ಡಿ ಹಾಕಿಸಿಯಾಗಿತ್ತು, ಬ್ಯಾಟರಿ ಎರಡು ಗಂಟೆ ಬರುತ್ತಿತ್ತು. ಕೆಟ್ಟಿದ್ದು ಕೀಬೋರ್ಡಿನಲ್ಲಿ ಆರೇ ಆರು ಕೀ. ಅಂಗಡಿಯಲ್ಲಿ "ಕೀಬೋರ್ಡ್ ಚೇಂಜ್ ಮಾಡಿದ್ರೆ ಸಾಕು, 1,600 ಆಗುತ್ತೆ, ಎರಡು ಗಂಟೆ ಬಿಟ್ಟು ಬನ್ನಿ" ಅಂದರು. ಎರಡು ಗಂಟೆಗೆ ಸರಿಯಾಗಿ ಕೊಟ್ಟರು, ಎಲ್ಲಾ ಕೀ ಕೆಲಸವನ್ನೂ ಮಾಡಿದವು.

ಮೂರನೇ ವಾರಕ್ಕೆ ಸ್ಪೇಸ್‌ಬಾರಿನ ಎಡತುದಿ ಒಳಗೆ ಕುಸಿಯಿತು. ಜಿ, ಎಚ್, ಬಿ ಒತ್ತಿದರೆ ಇಡೀ ಕೀಬೋರ್ಡೇ ಒಂದೆರಡು ಮಿಲಿಮೀಟರ್ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಎಂಟರ್ ಕೀ ಒತ್ತಿದ್ದು ಒತ್ತಿದಂತೆ ಉಳಿಯತೊಡಗಿತು. ಆಮೇಲೆ ಒಂದು ದಿನ ಆನ್ ಆಗುವುದೇ ನಿಂತಿತು.

ಬಿಚ್ಚಿದಾಗ ಕಂಡದ್ದಿದು. ಹಳೆಯ ಕೀಬೋರ್ಡನ್ನು ಹಿಡಿದಿಟ್ಟಿದ್ದ ಐವತ್ತಕ್ಕೂ ಹೆಚ್ಚು ಚಪ್ಪಟೆ ತಲೆಯ ಪ್ಲಾಸ್ಟಿಕ್ ಮೊಳೆಗಳನ್ನು, ಅಂದರೆ ರಿವೆಟ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಕಿತ್ತಿದ್ದರು. ಅರ್ಧಕ್ಕರ್ಧ ರಿವೆಟ್ ಬುಡಸಮೇತ ಹೋಗಿದ್ದವು. ಹೊಸ ಕೀಬೋರ್ಡನ್ನು ಹನ್ನೊಂದು ಕಡೆ ಸೂಪರ್ ಗ್ಲೂ ತೊಟ್ಟಿಕ್ಕಿಸಿ ಕೂರಿಸಿದ್ದರು. ಅದು ನೀರಿನಷ್ಟು ತೆಳ್ಳಗಿನ ಗೋಂದು, ಸಂದಿ ಸಿಕ್ಕಲ್ಲಿ ಹರಿದು ಹೋಗುತ್ತದೆ. ಹಾಗೆ ಹರಿದದ್ದು ಎಂಟರ್ ಕೀಯನ್ನು ಕೆಳಗಿಂದ ಹಿಡಿದಿಡುವ ಕತ್ತರಿಯಾಕಾರದ ಕ್ಲಿಪ್ಪಿನೊಳಗೆ ಹೆಪ್ಪುಗಟ್ಟಿತ್ತು. ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ ಸಿಕ್ಕಿಸುವ ಕನೆಕ್ಟರಿನ ಕಪ್ಪು ಲಾಕ್ ಮುರಿದಿತ್ತು, ಅದರ ಮೇಲೊಂದು ಟೇಪು. ಈ ಮಾಡೆಲ್‌ನಲ್ಲಿ ಪವರ್ ಬಟನ್ ಕೂಡ ಕೀಬೋರ್ಡಿನಲ್ಲೇ ಇದೆ. ಕೇಬಲ್ ಕೂದಲೆಳೆಯಷ್ಟು ಜಾರಿದ್ದೇ ತಡ, ಪವರ್ ಬಟನ್ ಸತ್ತಿತು. ಸಾಲದ್ದಕ್ಕೆ ಗಿಡ್ಡ ಸ್ಕ್ರೂ ಇರಬೇಕಾದ ಜಾಗಕ್ಕೆ ಉದ್ದದ್ದು ತಿರುಗಿಸಿ, ಅಂಗೈ ಊರುವ ಜಾಗದಲ್ಲಿ ಒಂದು ಗುಬುಟು ಎದ್ದಿತ್ತು.

ಕೊನೆಗೆ ಕೀಬೋರ್ಡ್ ಕೂತಿರುವ ಇಡೀ ಮೇಲ್ಭಾಗವನ್ನೇ, ಅಂದರೆ ಅಂಗಡಿಯವರು ಸಿ ಪ್ಯಾನೆಲ್ ಅನ್ನುವುದನ್ನು, ಬದಲಿಸಬೇಕಾಯಿತು, ಬೋರ್ಡಿನ ಮೇಲಿನ ಕನೆಕ್ಟರನ್ನೂ. ಮೊದಲೇ ಅದನ್ನು ಹಾಕಿಸಿದ್ದರೆ 1,600 ಉಳಿಯುತ್ತಿತ್ತು, ಕನೆಕ್ಟರೂ ಉಳಿಯುತ್ತಿತ್ತು.

ಇದು ಒಂದು ಅಂಗಡಿಯ ಕೈಗುಣ ಎಂದು ಬಿಟ್ಟುಬಿಡುವಂತಿಲ್ಲ. ಲ್ಯಾಪ್‌ಟಾಪ್ ಕಟ್ಟುವ ರೀತಿಯೇ ಬದಲಾಗಿದೆ, ಗಿರಾಕಿಗಳ ತಲೆಯಲ್ಲಿ ಮಾತ್ರ ಹಳೆಯ ಲೆಕ್ಕ ಉಳಿದಿದೆ. ಥಿಂಕ್‌ಪ್ಯಾಡ್ ಟಿ420, ಟಿ430 ಕಾಲದ ಯಂತ್ರಗಳಲ್ಲಿ ತಳದಲ್ಲಿ ಕೀಬೋರ್ಡ್ ಚಿಹ್ನೆ ಇರುವ ಎರಡು ಸ್ಕ್ರೂ ಬಿಚ್ಚಿ, ಕೀಬೋರ್ಡನ್ನು ಸ್ಕ್ರೀನಿನ ಕಡೆ ತುಸು ತಳ್ಳಿ ಎತ್ತಿದರೆ ಕೈಗೆ ಬರುತ್ತಿತ್ತು. ಹತ್ತು ನಿಮಿಷದ ಕೆಲಸ. ಆ ಕಾಲದ ಬೇರೆ ಕಂಪನಿಯವೂ ಹೆಚ್ಚುಕಡಿಮೆ ಹೀಗೇ, ಮೇಲಂಚಿನ ಮೂರ್ನಾಲ್ಕು ಲಾಚ್ ಒತ್ತಿದರೆ ಬಿಟ್ಟುಕೊಳ್ಳುತ್ತಿದ್ದವು. ಆಮೇಲೆ ಯಂತ್ರ ತೆಳ್ಳಗಾಗಬೇಕು, ಕಾರ್ಖಾನೆಯಲ್ಲಿ ಜೋಡಣೆ ಅಗ್ಗವಾಗಬೇಕು ಎಂದು ಸಿ ಪ್ಯಾನೆಲ್ಲಿನ ಒಳಮೈಯಲ್ಲಿ ಪ್ಲಾಸ್ಟಿಕ್ ಮೊಳೆಗಳನ್ನು ಎರಕದಲ್ಲೇ ಮೂಡಿಸಿ, ಕೀಬೋರ್ಡಿನ ತಗಡನ್ನು ಅವುಗಳ ಮೇಲೆ ಕೂರಿಸಿ, ಮೊಳೆಯ ತಲೆಗಳನ್ನು ಬಿಸಿಯಿಂದ ಕರಗಿಸಿ ಚಪ್ಪಟೆ ಮಾಡುವುದು ಬಂತು. ಇದನ್ನೇ ರಿವೆಟ್ ಕೀಬೋರ್ಡ್ ಅನ್ನುವುದು. ಆ ತಗಡು ಬಹಳ ತೆಳು, ಅದಕ್ಕೆ ಸ್ವಂತ ಬಿಗಿಯಿಲ್ಲ. ಐವತ್ತು ಅರವತ್ತು ಕಡೆ ಪ್ಯಾನೆಲ್ಲಿಗೆ ಕಚ್ಚಿಕೊಂಡಿರುವುದರಿಂದಲೇ ಬಿಗಿ ಬರುವುದು. ಹನ್ನೊಂದು ಕಡೆ ಅಂಟಿಸಿದರೆ ನಡುವೆ ತೊಟ್ಟಿಲಾಗುತ್ತದೆ, ಅಷ್ಟೆ.

ಇದರ ಅತಿರೇಕ ಕಂಡದ್ದು ಆಪಲ್‌ನಲ್ಲಿ. 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಬಂದ ಚಿಟ್ಟೆ ರೆಕ್ಕೆಯ ಕೀಬೋರ್ಡಿನಲ್ಲಿ ಕೀ ಇಳಿಯುತ್ತಿದ್ದದ್ದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಕೀ ಸಾಯುತ್ತಿತ್ತು, ಇಲ್ಲವೇ ಎರಡೆರಡು ಸಲ ಅಕ್ಷರ ಉದುರಿಸುತ್ತಿತ್ತು. ಇದೇ ಕೀಬೋರ್ಡ್ ಬಂದ ಮ್ಯಾಕ್‌ಬುಕ್ ಪ್ರೊಗಳಲ್ಲಿ ಕೀಬೋರ್ಡ್ ಮೇಲ್ಕವಚಕ್ಕೆ ಖಾಯಂ, ಬ್ಯಾಟರಿಯನ್ನೂ ಅದೇ ಕವಚಕ್ಕೆ ಅಂಟಿಸಿರುತ್ತಾರೆ. ಒಂದು ಕೀಯ ಕಾಯಿಲೆಗೆ ಬ್ಯಾಟರಿಸಮೇತ ಮೇಲ್ಕವಚ ಬದಲಿಸುವ ಪಾಡು. 2018ರ ಜೂನ್‌ನಲ್ಲಿ ಕಂಪನಿ ಉಚಿತ ರಿಪೇರಿ ಯೋಜನೆ ಶುರು ಮಾಡಿತು, 2019ರ ಕೊನೆಗೆ 16 ಇಂಚಿನ ಮಾಡೆಲ್‌ನಿಂದ ಹಿಡಿದು ಮತ್ತೆ ಕತ್ತರಿ ಕ್ಲಿಪ್ಪಿಗೇ ಮರಳಿತು. ಅಮೆರಿಕದಲ್ಲಿ 2022ರಲ್ಲಿ 5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡಿತು. ಆ ಉಚಿತ ಯೋಜನೆ ಇದ್ದದ್ದು ಯಂತ್ರ ಮೊದಲು ಮಾರಾಟವಾದ ದಿನದಿಂದ ನಾಲ್ಕು ವರ್ಷಕ್ಕೆ. ಈಗ ಅವಧಿ ಮುಗಿದಿದೆ. ಹಾಗಾಗಿ 2016ರಿಂದ 2019ರವರೆಗಿನ ಮ್ಯಾಕ್‌ಬುಕ್ ಪ್ರೊ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ, ಅಗ್ಗ ಯಾಕೆ ಅಂತ ಮೊದಲು ಕೇಳಿಕೊಳ್ಳಿ. ಆ ಸಾಲಿನಲ್ಲಿ ಬಚಾವಾಗಿದ್ದು 2019ರ 16 ಇಂಚಿನದು ಒಂದೇ.

ರಿಪೇರಿಗೆ ಹೊರಡುವ ಮುಂಚೆ ಕೆಟ್ಟಿರುವುದು ನಿಜವಾಗಿ ಕೀಬೋರ್ಡೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಚಾಲೂ ಆಗುತ್ತದೆ. ಆಗ ಸರಸರ ಒತ್ತಿದ ಯಾವ ಕೀಯೂ ಕೇಳುವುದಿಲ್ಲ, ಕೀಬೋರ್ಡ್ ಸತ್ತಂತೆಯೇ ಕಾಣುತ್ತದೆ. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ (Num Lock) ಬಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬರುತ್ತದೆ. ಈ ಎರಡಕ್ಕೇ ಹೊಸ ಕೀಬೋರ್ಡ್ ಹಾಕಿಸಿಕೊಂಡವರಿದ್ದಾರೆ. ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದಿಟ್ಟು ಒಂದೊಂದೇ ಕೀ ಒತ್ತಿ. ಒತ್ತಿದ್ದು ಪರದೆಯಲ್ಲಿ ಹೊಳೆಯಬೇಕು, ಬಿಟ್ಟಾಗ ಆರಬೇಕು.

ಒಂದೇ ಒಂದು ಕೀ ಕೈಕೊಟ್ಟಿದ್ದರೆ ಕೆಳಗೆ ಕಸವಿದೆ, ಕೀಯನ್ನು ಮೇಲಕ್ಕೆ ತಳ್ಳುವ ರಬ್ಬರ್ ಗುಬ್ಬಿ ಹರಿದಿದೆ ಅಥವಾ ಕ್ಲಿಪ್ ಮುರಿದಿದೆ. ಇಡೀ ಕೀಬೋರ್ಡ್ ತೆಗೆಯುವ ಅಗತ್ಯವೇ ಇಲ್ಲ. ಐದಾರು ಕೀ ಒಟ್ಟಿಗೇ ಹೋಗಿದ್ದರೆ ಕಥೆ ಬೇರೆ. ಕೀಗಳ ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಬೆಳ್ಳಿಯ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ, ನಡುವಿನದು ತೂತು ಬಿಟ್ಟ ಹಾಳೆ. ಪ್ರತಿ ಕೀಗೂ ಬೇರೆ ತಂತಿ ಇಲ್ಲ, ಒಂದೊಂದು ಗೆರೆಯನ್ನೂ ಹಲವು ಕೀಗಳು ಹಂಚಿಕೊಂಡಿರುತ್ತವೆ. ಚಹಾ ಇಳಿದು ಒಂದು ಗೆರೆ ತುಕ್ಕು ತಿಂದರೆ ಆ ಸಾಲಿನ ಕೀಗಳೆಲ್ಲಾ ಹೋಗುತ್ತವೆ. ಆದರೆ ರಿಬ್ಬನ್ ಕೇಬಲ್ ಸಡಿಲವಾದರೂ ಲಕ್ಷಣ ಇದೇ. ಅದಕ್ಕೇ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ, ರಿಬ್ಬನ್ನಿನ ಲಾಕ್ ಎತ್ತಿ, ಕೇಬಲ್ ತೆಗೆದು, ತುದಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನೇರವಾಗಿ ಒಳಗೆ ಕೂರಿಸಿ ನೋಡಬೇಕು. ಲಾಕ್ ಕೆಲವದರಲ್ಲಿ ಮೇಲಕ್ಕೆ ಮಡಚುತ್ತದೆ, ಕೆಲವದರಲ್ಲಿ ಹೊರಕ್ಕೆ ಜಾರುತ್ತದೆ. ಯಾವುದೆಂದು ನೋಡದೆ ಉಗುರು ಹಾಕಿದರೆ ಮೇಲೆ ಹೇಳಿದ ಟೇಪಿನ ಗತಿಯೇ.

ಕೀಬೋರ್ಡಿನ ನಡುಭಾಗ ಉಬ್ಬಿದ್ದರೆ, ಟಚ್‌ಪ್ಯಾಡ್ ಕ್ಲಿಕ್ ಆಗದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಕೀಬೋರ್ಡ್ ಅಂಗಡಿಯ ದಾರಿ ಹಿಡಿಯಬೇಡಿ. ಅದು ಬ್ಯಾಟರಿ ಊದಿಕೊಂಡಿರುವ ಗುರುತು. ಚಾರ್ಜ್ ಮಾಡುವುದನ್ನು ಅವತ್ತೇ ನಿಲ್ಲಿಸಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾದ ಮೇಲೆ ಎಷ್ಟೋ ಸಲ ಕೀಬೋರ್ಡ್ ತಾನೇ ಸರಿಹೋಗುತ್ತದೆ.

ಇನ್ನು ಅಂಗಡಿಯ ಕೌಂಟರಿನ ಮುಂದೆ. ಬೆಂಗಳೂರಿನ ಎಸ್.ಪಿ. ರೋಡೇ ಇರಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯೇ ಇರಲಿ, ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: "ಇದು ಸ್ಕ್ರೂ ಕೀಬೋರ್ಡಾ, ರಿವೆಟ್ಟಾ?" ಉತ್ತರವನ್ನು ಮನೆಯಲ್ಲೇ ತಿಳಿದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಲೆನೊವೊ, ಡೆಲ್, ಎಚ್‌ಪಿ ಮೂವರೂ ಮಾಡೆಲ್‌ವಾರು ಸರ್ವಿಸ್ ಮ್ಯಾನ್ಯುಯಲ್ಲನ್ನು ತಮ್ಮ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಬಿಡಿಭಾಗದ ಪಟ್ಟಿಯಲ್ಲಿ ಕೀಬೋರ್ಡ್ ಒಂಟಿಯಾಗಿ ಇದ್ದರೆ ನೆಮ್ಮದಿ. ಮೇಲಿನ ಕವಚದ ಜೊತೆ ಸೇರಿಸಿಯೇ ಬರೆದಿದ್ದರೆ ಅದು ರಿವೆಟ್ ಎಂದೇ ತಿಳಿಯಿರಿ. ಅಂಥದ್ದಕ್ಕೆ ಕೀಬೋರ್ಡ್ ಸಮೇತ ಸಿ ಪ್ಯಾನೆಲ್ ಸಿಗುತ್ತದಾ ಎಂದು ವಿಚಾರಿಸಿ. ಸ್ಕ್ರ್ಯಾಪಿಗೆ ಬಂದ ಅದೇ ಮಾಡೆಲ್‌ನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಪ್ಯಾನೆಲ್ ಆದರೂ, ಕೀಗಳು ಚೆನ್ನಾಗಿದ್ದರೆ, ಗೋಂದು ಹಾಕಿದ ಹೊಸ ಕೀಬೋರ್ಡಿಗಿಂತ ಮೇಲು.

ಪ್ಯಾನೆಲ್ ಸಿಗಲೇ ಇಲ್ಲ, ಕೀಬೋರ್ಡ್ ಮಾತ್ರ ಬದಲಿಸದೆ ವಿಧಿಯಿಲ್ಲ ಅನ್ನುವಾಗಲೂ ಕ್ರಮವೊಂದಿದೆ. ಬ್ಯಾಟರಿ, ಮದರ್‌ಬೋರ್ಡ್, ಟಚ್‌ಪ್ಯಾಡ್ ಎಲ್ಲಾ ಕಳಚಿ ಬರೀ ಪ್ಯಾನೆಲ್ ಉಳಿಸಿಕೊಳ್ಳಬೇಕು. ರಿವೆಟ್ಟನ್ನು ಮೀಟಿ ಕೀಳಬಾರದು, ಹರಿತ ಬ್ಲೇಡಿನಿಂದ ತಲೆಯನ್ನಷ್ಟೇ ತಗಡಿನ ಮಟ್ಟಕ್ಕೆ ಸವರಬೇಕು. ಆಗ ಬುಡ ಉಳಿಯುತ್ತದೆ, ಹೊಸ ಕೀಬೋರ್ಡಿನ ತೂತುಗಳು ಅದರ ಮೇಲೆ ಸರಿಯಾಗಿ ಕೂರುತ್ತವೆ. ಆಮೇಲೆ ಚಪ್ಪಟೆ ತುದಿಯ ಸೋಲ್ಡರಿಂಗ್ ಐರನ್ನನ್ನು 200 ಡಿಗ್ರಿಯ ಆಸುಪಾಸಿನಲ್ಲಿಟ್ಟು, ಉಳಿದ ಮೊಳೆಯನ್ನು ಒಂದೆರಡು ಸೆಕೆಂಡ್ ಮಾತ್ರ ಒತ್ತಿ ಹರಡಬೇಕು. ಜಾಸ್ತಿ ಹೊತ್ತು ಹಿಡಿದರೆ ಪ್ಯಾನೆಲ್ಲಿನ ಎದುರುಮೈಯಲ್ಲಿ ಕಲೆ ಬೀಳುತ್ತದೆ. ಮೊಳೆ ಪೂರ್ತಿ ಹೋದ ಕಡೆ ಮಾತ್ರ ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಗೋಂದನ್ನು ಸಾಸಿವೆ ಕಾಳಿನಷ್ಟು ಹಾಕಿ, ಪೂರ್ತಿ ಗಟ್ಟಿಯಾಗುವ ತನಕ ಮೇಲೆ ಭಾರ ಹೇರಿಡಬೇಕು. ಎಪಾಕ್ಸಿ ಮಂದ, ಹರಿದಾಡುವುದಿಲ್ಲ. ಇಷ್ಟೆಲ್ಲಾ ಮಾಡಲು ಅರ್ಧ ದಿನ ಬೇಕು. ಎರಡು ಗಂಟೆಯಲ್ಲಿ ಕೊಡುತ್ತೇವೆ ಅಂದರೆ ಇದರಲ್ಲಿ ಯಾವುದನ್ನು ಬಿಡುತ್ತಾರೆ ಎಂದು ಕೇಳಿ.

ಹೊಸದನ್ನು ಕೂರಿಸುವ ಮೊದಲೇ, ರಿಬ್ಬನ್ ಮಾತ್ರ ಸಿಕ್ಕಿಸಿ, ಎಲ್ಲಾ ಕೀ ಪರೀಕ್ಷೆ ಆಗಬೇಕು. ಮೊಳೆ ಕರಗಿಸಿದ ಮೇಲೆ ಒಂದು ಕೀ ಸತ್ತಿದೆ ಅಂತ ಗೊತ್ತಾದರೆ ಯಾರೂ ಮತ್ತೆ ತೆಗೆಯುವುದಿಲ್ಲ. ಎಂಟರ್ ಕೀ ಅಡ್ಡ ಇದೆಯೋ, ಬ್ರಿಟನ್ ಮಾದರಿಯಂತೆ ಉದ್ದ ಇದೆಯೋ ನೋಡಿ. ಹಳೆಯದಕ್ಕಿಂತ ಬೇರೆಯಾಗಿದ್ದರೆ ಪ್ಯಾನೆಲ್ಲಿನ ಕಿಂಡಿಗೇ ಅದು ಹೊಂದುವುದಿಲ್ಲ. ಬ್ಯಾಕ್‌ಲೈಟ್ ಇದ್ದರೆ ಅದಕ್ಕೆ ಬೇರೆಯೇ ಒಂದು ಚಿಕ್ಕ ಕೇಬಲ್ ಇರುತ್ತದೆ, ಅಗ್ಗದ ಕಾಪಿಯಲ್ಲಿ ಅದು ಇರುವುದಿಲ್ಲ. ಪವರ್ ಬಟನ್ ಇರುವ ಮಾಡೆಲ್‌ಗೆ ಪವರ್ ಬಟನ್ ಇಲ್ಲದ ಕೀಬೋರ್ಡ್ ತಂದು ತಲೆ ಕೆರೆದುಕೊಳ್ಳುವುದೂ ಉಂಟು. ಮಾಡೆಲ್ ಹೆಸರು ಹೇಳಿ ತರಿಸಬೇಡಿ, ಹಳೆಯ ಕೀಬೋರ್ಡಿನ ಬೆನ್ನಿಗೆ ಅಂಟಿಸಿರುವ ಪಾರ್ಟ್ ನಂಬರ್ ನೋಡಿ ತರಿಸಿ.

ಕನ್ನಡ ಟೈಪ್ ಮಾಡುವವರು ಎಫ್ ಮತ್ತು ಡಿ ಕೀಗಳನ್ನು ಇನ್ನಷ್ಟು ಕಾಡಿ ನೋಡಬೇಕು. ನುಡಿ, ಕೆಜಿಪಿ ವಿನ್ಯಾಸದಲ್ಲಿ ಅರ್ಧಾಕ್ಷರದ ಚಿಹ್ನೆ (ಹಲಂತ) ಎಫ್‌ನಲ್ಲಿದೆ, ಇನ್‌ಸ್ಕ್ರಿಪ್ಟ್‌ನಲ್ಲಿ ಡಿಯಲ್ಲಿದೆ. ಒತ್ತಕ್ಷರ ಬಂದಲ್ಲೆಲ್ಲಾ ಅದೇ ಕೀ. ಇಂಗ್ಲಿಷ್ ಟೈಪ್ ಮಾಡಿ ನೋಡಿದವರಿಗೆ ಎಫ್ ತುಸು ಗಟ್ಟಿ ಇದ್ದರೂ ತಿಳಿಯುವುದಿಲ್ಲ. "ಸ್ತ್ರೀ" ಎಂದು ಸರಸರ ಹತ್ತು ಸಲ ಹೊಡೆಯಿರಿ. ಒಂದು ಸಲ "ಸತ್ರೀ" ಅಂತ ಬಂದರೂ ಆ ಕೀಬೋರ್ಡ್ ಬೇಡ. ಮಹಾಪ್ರಾಣಕ್ಕೆ ಶಿಫ್ಟ್ ಬೇಕಾಗುವುದರಿಂದ ಎರಡೂ ಕಡೆಯ ಶಿಫ್ಟನ್ನು ಬೇರೆ ಬೇರೆಯಾಗಿ ನೋಡಿ.

ಬದಲಿಸದೇ ಇರುವುದೂ ಒಂದು ಒಳ್ಳೆಯ ದಾರಿ. ಮೂಗಿಗಿಂತ ಮೂಗುತಿ ಭಾರವಾಗುವ ಹಳೆಯ ಯಂತ್ರಕ್ಕಂತೂ ಇದೇ ಸರಿ. ಯುಎಸ್‌ಬಿ ಕೀಬೋರ್ಡ್ ಒಂದನ್ನು ಹಚ್ಚಿ, ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕದ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕುತ್ತಿಗೆಗೂ ಮಣಿಕಟ್ಟಿಗೂ ಮೊದಲಿಗಿಂತ ಸುಖ. ಸತ್ತಿರುವುದು ಒಂದೇ ಕೀ ಆದರೆ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ನಲ್ಲಿ ಕೀಬೋರ್ಡ್ ಮ್ಯಾನೇಜರ್ ಇದೆ, ಬಳಸದ ಕೀಗೆ ಆ ಕೆಲಸ ವಹಿಸಬಹುದು. ಒಳಗಿನ ಕೀ ತಾನೇ ಒತ್ತಿಕೊಂಡು ಅಕ್ಷರ ಸುರಿಸುತ್ತಿದ್ದರೆ ಮಾತ್ರ ರಿಬ್ಬನ್ ಕೇಬಲ್ ಕಳಚಿಡಬೇಕು. ಅದಕ್ಕೂ ಮುಂಚೆ ಪವರ್ ಬಟನ್ ಎಲ್ಲಿದೆ ನೋಡಿಕೊಳ್ಳಿ. ಕೀಬೋರ್ಡಿನಲ್ಲೇ ಇದ್ದರೆ ಯಂತ್ರ ಆನ್ ಮಾಡಲು ದಾರಿಯಿರುವುದಿಲ್ಲ. ಕೆಲವು ಮಾಡೆಲ್‌ಗಳ ಬಯೋಸ್‌ನಲ್ಲಿ ಚಾರ್ಜರ್ ಹಚ್ಚಿದೊಡನೆ ಆನ್ ಆಗುವ ಆಯ್ಕೆ ಇರುತ್ತದೆ, ಕೇಬಲ್ ತೆಗೆಯುವ ಮೊದಲೇ ಅದನ್ನು ಹಾಕಿಡಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಹಾಕಿಸಿಕೊಂಡು ಮುಂದುವರಿಯುವವರು ಹೆಚ್ಚಿದ್ದಾರೆ, ರಿಫರ್ಬಿಶ್ಡ್ ಕೊಳ್ಳುವವರೂ. ಕೊಳ್ಳುವಾಗ ಪ್ರೊಸೆಸರ್, ರ‍್ಯಾಮ್ ಕೇಳಿದಷ್ಟೇ ಗಟ್ಟಿಯಾಗಿ ಕೀಬೋರ್ಡಿನ ನಡುವೆ ಹೆಬ್ಬೆರಳು ಇಟ್ಟು ಒತ್ತಿ ನೋಡಿ. ತಗ್ಗಿ ಮೇಲೆದ್ದರೆ ಆ ಯಂತ್ರದ ಕೀಬೋರ್ಡ್ ಒಮ್ಮೆ ಕಿತ್ತು ಹಾಕಿದ್ದಿರಬಹುದು.

ರಿಪೇರಿಗೆ ಕೊಡುವಾಗ ತಳದ ಸ್ಕ್ರೂಗಳೆಲ್ಲಾ ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ತೆಗೆದ ಹಳೆಯ ಕೀಬೋರ್ಡನ್ನು ಕೇಳಿ ವಾಪಸ್ ತನ್ನಿ. ಅದರ ಕತ್ತರಿ ಕ್ಲಿಪ್ಪುಗಳು ಆ ಮಾಡೆಲ್‌ಗೆ ಮಾತ್ರ ಹೊಂದುವಂಥವು, ಬಿಡಿಯಾಗಿ ಸಿಗುವುದು ಕಷ್ಟ. ನಾಳೆ ಹೊಸದರಲ್ಲಿ ಒಂದು ಕೀ ಹಾರಿಹೋದರೆ ಹಳೆಯದರಲ್ಲಿ ಅದೇ ಅಳತೆಯ, ಹೆಚ್ಚು ಬಳಸದ ಕೀಯ ಅಡಿಯಿಂದ ಕ್ಲಿಪ್ ಬಿಡಿಸಿ ಹಾಕಬಹುದು. ಎಂಥ ಹಳೆಯ ಕೀಬೋರ್ಡಿನಲ್ಲೂ ಅಂಥ ಒಂದೆರಡು ಕೀ ಸವೆಯದೆ ಉಳಿದಿರುತ್ತವೆ.